ಉರಿ ಆರಿತು, ಬೆಂಕಿ ಆರಿಲ್ಲ

ಬೇಸಿಗೆ ಶುರುವಾದರೆ ನನಗೆ ಬರುವ ಫೋನುಗಳಲ್ಲಿ ಒಂದು ಮಾತು ಗ್ಯಾರಂಟಿ. "ಸಾರ್, ಸಂಜೇನೇ ಪೂರ್ತಿ ಆರಿಸಿದ್ವಿ. ರಾತ್ರಿ ಮತ್ತೆ ಹೊತ್ಕೊಂಡ್ಬಿಡ್ತು. ಯಾರೋ ಬೇಕಂತ್ಲೇ ಇಟ್ಟಿದ್ದಾರೆ."

ಯಾರಾದರೂ ಇಟ್ಟರೋ ಇಲ್ಲವೋ ನೋಡುವುದು ಪೊಲೀಸರ ಕೆಲಸ, ನಾನು ಅದಕ್ಕೆ ಕೈ ಹಾಕುವುದಿಲ್ಲ. ಆದರೆ ನಾನು ಹೋಗಿ ನೋಡಿದ ಕಡೆಗಳಲ್ಲಿ ಬಹಳಷ್ಟು ಸಲ ಅದು ಸಂಜೆಯದೇ ಬೆಂಕಿ. ಆರಿರಲೇ ಇಲ್ಲ. ಇದು ಗೊತ್ತಾಗದೆ ಪಕ್ಕದ ಜಮೀನಿನವರ ಮೇಲೆ ಅನುಮಾನಪಟ್ಟು ಮಾತು ಬಿಟ್ಟವರಿದ್ದಾರೆ. ಅದನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ.

ನನ್ನದು ಬೆಂಕಿ ನಂದಿಸುವ ಸಿಲಿಂಡರ್ ಸರ್ವಿಸ್ ಮಾಡುವ, ಫ್ಯಾಕ್ಟರಿಗಳಲ್ಲಿ ತರಬೇತಿ ಕೊಡುವ ಕೆಲಸ. ಅಗ್ನಿಶಾಮಕದವರ ಕೆಂಪು ಗಾಡಿ ಕಂಡರೆ ಈಗಲೂ ನಿಂತು ನೋಡುತ್ತೇನೆ, ಆ ಹುಚ್ಚು ಚಿಕ್ಕಂದಿನದು. ತುಮಕೂರು ಜಿಲ್ಲೆಯಲ್ಲಿ ಈ ಕೆಲಸ ಮಾಡುವವರು ತೆಂಗನ್ನು ಅರ್ಥ ಮಾಡಿಕೊಳ್ಳಲೇಬೇಕು. ತಿಪಟೂರು, ಗುಬ್ಬಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಎಲ್ಲಿ ನೋಡಿದರೂ ಮಟ್ಟೆ ರಾಶಿ, ನಾರಿನ ಫ್ಯಾಕ್ಟರಿ, ಕೊಬ್ಬರಿ ಅಟ್ಟ. ಜೊತೆಗೆ ಮನೆ ಹಿಂದೆ ರಾಗಿ ಹುಲ್ಲಿನ ಬಣವೆ. ಇವೆಲ್ಲ ಎರಡು ಥರ ಸುಡುತ್ತವೆ. ಒಂದು, ಉರಿ ಎದ್ದು ಸುಡುವುದು. ಇನ್ನೊಂದು, ಉರಿಯೇ ಇಲ್ಲದೆ ಒಳಗೊಳಗೇ ಕೆಂಡವಾಗಿ ಹಬ್ಬುವುದು. ಜನ ಆರಿಸುವುದು ಮೊದಲನೆಯದನ್ನು ಮಾತ್ರ.

ಅಜ್ಜಿಯರ ಕಾಲದಲ್ಲಿ ರಾತ್ರಿ ಒಲೆಯ ಕೆಂಡದ ಮೇಲೆ ಬೂದಿ ಮುಚ್ಚಿಟ್ಟು, ಬೆಳಗ್ಗೆ ಕೆದಕಿ ಊದಿ ಒಲೆ ಹಚ್ಚುತ್ತಿದ್ದರಲ್ಲ, ನಾರಿನ ರಾಶಿಯೊಳಗೆ ಆಗುವುದೂ ಅದೇ. ಮೇಲಿನ ಪದರ ಒಳಗಿನ ಬಿಸಿ ಹೊರಗೆ ಹೋಗದ ಹಾಗೆ ಕಾಯುತ್ತದೆ. ಗಾಳಿ ಸ್ವಲ್ಪವೇ ಸಿಗುವುದರಿಂದ ಉರಿ ಏಳುವುದಿಲ್ಲ, ಆದರೆ ಕೆಂಡಕ್ಕೆ ಅಷ್ಟು ಗಾಳಿ ಸಾಕು. ಒಳಗಿನ ಬಿಸಿ 500 ಡಿಗ್ರಿ ಆಸುಪಾಸು ಇರಬಹುದು. ಮೇಲೆ ಕೈಯಿಟ್ಟರೆ ತಣ್ಣಗೇ ಇರುತ್ತದೆ. ಕೆಂಡ ತಿನ್ನುತ್ತಾ ತಿನ್ನುತ್ತಾ ಒಂದು ಪಕ್ಕಕ್ಕೆ ಬಂದು ಗಾಳಿ ಸಿಕ್ಕಿತೋ, ಭಗ್ ಎಂದು ಹತ್ತಿಕೊಳ್ಳುತ್ತದೆ. ಅದು ಒಂದು ಗಂಟೆಗೂ ಆಗಬಹುದು, ಎರಡು ದಿನಕ್ಕೂ ಆಗಬಹುದು.

"ಟ್ಯಾಂಕರ್‌ಗಟ್ಟಲೆ ನೀರು ಹೊಡೆದ್ವಲ್ಲ ಸಾರ್?" ಹೊಡೆದಿರಿ, ಸರಿ. ಆದರೆ ನಾರಿನ ಪುಡಿ, ಕೋಕೋಪೀಟ್ ಅಂತೀವಲ್ಲ, ಅದು ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುವ ವಸ್ತು. ಗಿಡಗಳಿಗೆ ಅದನ್ನು ಬಳಸುವುದೇ ಆ ಗುಣಕ್ಕೆ. ನೀವು ಹೊಡೆದ ನೀರನ್ನೆಲ್ಲ ಮೇಲಿನ ಪದರವೇ ಕುಡಿದುಬಿಡುತ್ತದೆ. ಒತ್ತಿ ಕಟ್ಟಿದ ನಾರಿನ ಬೇಲ್ ಆದರೆ ನೀರು ಹೊರಮೈ ಮೇಲೆ ಇಳಿದು ಚರಂಡಿ ಸೇರುತ್ತದೆ. ರಾಗಿ ಹುಲ್ಲಿನ ಬಣವೆಯನ್ನಂತೂ ಮಳೆ ನೀರು ಒಳಗೆ ಹೋಗಬಾರದು ಅಂತಲೇ ಇಳಿಜಾರಾಗಿ ಒಟ್ಟಿರುತ್ತಾರೆ. ಮಳೆಗೆ ಬಿಡದ ದಾರಿಯನ್ನು ಪೈಪಿನ ನೀರಿಗೆ ಬಿಡುತ್ತದೆಯೇ?

ಗುಬ್ಬಿ ಕಡೆಯ ಒಂದು ನಾರಿನ ಘಟಕದಲ್ಲಿ ಹೀಗೇ ಆಯಿತು. ಮಧ್ಯಾಹ್ನ ಮೋಟಾರ್ ಹತ್ತಿರ ಕಿಡಿ ಬಿದ್ದು ರಾಶಿ ಹತ್ತಿತು. ಅಗ್ನಿಶಾಮಕ ಗಾಡಿ ಬಂತು, ಉರಿ ನಿಂತಿತು. ಹೊರಡುವ ಮುಂಚೆ ಸಿಬ್ಬಂದಿ ಸ್ಪಷ್ಟವಾಗಿ ಹೇಳಿದ್ದರು: ಜೆಸಿಬಿ ತರಿಸಿ, ರಾಶಿ ಬಿಚ್ಚಿ ಹರಡಿ. ಮಾಲೀಕರು ಒಳ್ಳೆಯ ಮನುಷ್ಯ, ಕೆಲಸದವರಿಗೆಲ್ಲ ಅವತ್ತು ಕೂತು ಊಟ ಹಾಕಿಸಿದರು. ಆದರೆ ಜೆಸಿಬಿ ತರಿಸಲಿಲ್ಲ. "ಇರೋ ಮಾಲೂ ಕೆಟ್ಟೋಗತ್ತೆ, ನಾಳೆ ನೋಡೋಣ" ಅಂದರಂತೆ. ರಾತ್ರಿ ಗಾಳಿ ಎದ್ದಿತು. ಬೆಳಗ್ಗೆ ನಾನು ಹೋದಾಗ ಶೆಡ್ಡಿನ ಶೀಟುಗಳು ಬಾಗಿ ನೆಲ ಮುಟ್ಟಿದ್ದವು. ಒಂದು ಬೇಲ್ ಮಾತ್ರ ಹೊರಗೆ ಅರ್ಧ ಹಸಿಯಾಗಿ ಬಿದ್ದಿತ್ತು. ಹಾರೆಯಿಂದ ಸೀಳಿಸಿದೆ. ಹೊರಗೆ ನಾಲ್ಕು ಬೆರಳು ಒದ್ದೆ, ಅದರೊಳಗೆ ಒಣ ಕಂದು ನಾರು, ನಡುವೆ ಮುಷ್ಟಿಯಷ್ಟು ಕೆಂಪು ಕೆಂಡ. ಗಾಳಿ ಸೋಕಿದ ಕೂಡಲೇ ಸಣ್ಣಗೆ ಉರಿ ಎದ್ದಿತು. ಮಾಲೀಕರು ಏನೂ ಮಾತಾಡಲಿಲ್ಲ.

ಸಿಲಿಂಡರ್ ಮಾರುವವನೇ ಹೇಳುತ್ತಿದ್ದೇನೆ ಅಂತ ತಿಳಿದುಕೊಳ್ಳಿ: ಸಿಲಿಂಡರಿನಲ್ಲಿ ತುಂಬಿರುವ ಬೆಂಕಿ ನಂದಿಸುವ ಪುಡಿ, ಎಬಿಸಿ ಪೌಡರ್ ಅಂತೀವಲ್ಲ, ಅದು ಈ ಥರದ ಒಳಬೆಂಕಿಗೆ ಮದ್ದಲ್ಲ. ಅದು ಉರಿಯನ್ನು ತಟ್ಟನೆ ಬೀಳಿಸುತ್ತದೆ. 6 ಕೆಜಿಯ ಸಿಲಿಂಡರ್ ಖಾಲಿಯಾಗುವುದಕ್ಕೆ ಅರ್ಧ ನಿಮಿಷವೂ ಬೇಡ. ಆ ಸಮಯದಲ್ಲಿ ಸಣ್ಣ ಬೆಂಕಿ ಹಬ್ಬದಂತೆ ತಡೆಯಬಹುದು, ಜನ ಹೊರಗೆ ಹೋಗಲು ದಾರಿ ಮಾಡಬಹುದು. ಆದರೆ ಪುಡಿ ತಂಪು ಮಾಡುವುದಿಲ್ಲ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಅದಕ್ಕಿಂತಲೂ ಕಡಿಮೆ ಉಪಯೋಗ, ಗ್ಯಾಸ್ ಗಾಳಿಗೆ ಹಾರಿಹೋಗುತ್ತದೆ. ಕೆಂಡಕ್ಕೆ ನೀರೇ ಬೇಕು, ಅದೂ ಕೆಂಡ ಇರುವ ಜಾಗಕ್ಕೇ ಮುಟ್ಟಬೇಕು.

ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸಪ್ತಾಹ ಮಾಡುತ್ತೇವಲ್ಲ, ಅದರ ಹಿಂದೆಯೂ ಇಂಥದ್ದೇ ಬೆಂಕಿ ಇದೆ. 1944ರ ಏಪ್ರಿಲ್ 14ರಂದು ಬಾಂಬೆಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ನಿಂತಿತ್ತು. ಒಳಗೆ ಹತ್ತಿ ಮೂಟೆ, ಅದೇ ಹಡಗಿನಲ್ಲಿ ಸುಮಾರು 1,400 ಟನ್ ಸ್ಫೋಟಕ. ಮಧ್ಯಾಹ್ನ ಹೊಗೆ ಕಂಡಿತು. 900 ಟನ್‌ಗಿಂತ ಜಾಸ್ತಿ ನೀರು ಹೊಡೆದರೂ ಬೆಂಕಿಯ ಮೂಲ ಸಿಗಲಿಲ್ಲ. ಸಂಜೆ 4 ಗಂಟೆ ದಾಟುತ್ತಲೇ ಹಡಗು ಸಿಡಿಯಿತು. 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ಅವರಿಗೆ ಮೂಟೆ ಬಿಚ್ಚುವ ಅವಕಾಶ ಇರಲಿಲ್ಲ. ನಿಮಗೆ ಇದೆ, ಅಲ್ವಾ?

ಹಾಗಾಗಿ ಬಿಚ್ಚಿ. ಮೊದಲು ಕರೆಂಟ್ ಲೈನ್ ಬಂದ್ ಆಗಿರುವುದನ್ನು ಖಾತ್ರಿ ಮಾಡಿಕೊಳ್ಳಿ, ಬೆಸ್ಕಾಂನವರಿಗೆ ಹೇಳಿ. ಸುಡದ ಮಾಲನ್ನು ದೂರ ಸರಿಸಿ. ಆಮೇಲೆ ಸುಟ್ಟ ರಾಶಿಯನ್ನು ಗಾಳಿ ಬರುವ ಕಡೆ ನಿಂತು ಸ್ವಲ್ಪ ಸ್ವಲ್ಪವೇ ಎಳೆದು, ಬಯಲಲ್ಲಿ ತೆಳುವಾಗಿ ಹರಡಿ, ನೆನೆಸಿ, ಮಗುಚಿ, ಮತ್ತೆ ನೆನೆಸಿ. ನೀರಿನ ಪೈಪ್ ಕೈಯಲ್ಲಿಲ್ಲದೆ ಬಿಚ್ಚಲು ಹೋಗಬೇಡಿ, ಬಿಚ್ಚಿದಾಗ ಉರಿ ಏಳುತ್ತದೆ. ನೀರಿಗೆ ಸ್ವಲ್ಪ ಸೋಪಿನ ದ್ರಾವಣ ಬೆರೆಸಿದರೆ ಒಳಗೆ ಚೆನ್ನಾಗಿ ಇಳಿಯುತ್ತದೆ. ನೆನೆದ ಮಾಲನ್ನು ಅವತ್ತೇ ಮತ್ತೆ ಶೆಡ್ಡಿಗೆ ತುಂಬಬೇಡಿ. ಹಸಿ ಹುಲ್ಲನ್ನು ಒತ್ತಿ ಒಟ್ಟಿದರೆ ತಾನಾಗಿಯೇ ಬಿಸಿಯಾಗುತ್ತದೆ. ಕೊಬ್ಬರಿಯೂ ಅಷ್ಟೇ. ಸಾಗಾಟದ ಅಪಾಯಕಾರಿ ಸರಕುಗಳ ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಕೊಬ್ಬರಿಗೆ 1363 ಎಂಬ ನಂಬರೇ ಇದೆ, ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಗುಂಪಿನಲ್ಲಿ.

ಎರಡು ವಿಷಯದಲ್ಲಿ ಮಾತ್ರ ಯಾರ ಮಾತನ್ನೂ ಕೇಳಬೇಡಿ. ಹೊಗೆಯಾಡುವ ಬಣವೆ ಮೇಲೆ ಹತ್ತಬಾರದು. ಒಳಗೆ ಸುಟ್ಟು ಟೊಳ್ಳಾಗಿದ್ದರೆ ಕಾಲು ಸೀದಾ ಕೆಂಡಕ್ಕೆ ಇಳಿಯುತ್ತದೆ. ಹೊಗೆಯಾಡುವ ಮುಚ್ಚಿದ ಗೋಡೌನ್ ಒಳಗೆ ಹೋಗಬಾರದು, ಕಾವಲಿಗೆ ಅಂತ ಪಕ್ಕದಲ್ಲೇ ಮಲಗಲೂ ಬಾರದು. ಉರಿಯಿಲ್ಲದ ಬೆಂಕಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿಯನ್ನು ಜಾಸ್ತಿ ಬಿಡುತ್ತದೆ, ಅದಕ್ಕೆ ವಾಸನೆಯೂ ಇಲ್ಲ.

ರಾತ್ರಿ ಮತ್ತೆ ಹೊಗೆ ಕಂಡರೆ ಫೋನ್ ಮಾಡಲು ಜನ ಸಂಕೋಚ ಪಡುತ್ತಾರೆ. "ಮಧ್ಯಾಹ್ನ ಒಂದ್ಸಲ ಬಂದು ಹೋಗಿದ್ದಾರೆ, ಮತ್ತೆ ಹೆಂಗೆ ಕರೆಯೋದು?" ಅನ್ನುತ್ತಾರೆ. ಕರೆಯಿರಿ. 112ಕ್ಕೆ ಹೊಡೆಯಿರಿ, ಮಧ್ಯಾಹ್ನದ್ದೇ ಬೆಂಕಿ, ಮತ್ತೆ ಎದ್ದಿದೆ ಅಂತ ಹೇಳಿ. ಯಾಕೆ ಎದ್ದಿತು ಅಂತ ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.