ಸೆನ್: ಕೆಂಡೋದಲ್ಲಿ ಮೇಲುಗೈಯ ಗಳಿಗೆ

ಜಪಾನಿನ ಕತ್ತಿವರಸೆಯಾದ ಕೆಂಡೋ ಮತ್ತು ಕರಾಟೆ ಕಲಿಕೆಯಲ್ಲಿ ಪದೇ ಪದೇ ಕೇಳಿಬರುವ ಮಾತು ಸೆನ್. ಎದುರಾಳಿಗಿಂತ ಮುಂದಿರುವುದು ಎಂದರ್ಥ. ಮೊದಲು ಕೈ ಎತ್ತಿದವರಿಗೇ ಅದು ಸಿಕ್ಕಿತು ಎಂದುಕೊಳ್ಳಬೇಡಿ. ಆಟ ಯಾರ ಹಿಡಿತದಲ್ಲಿದೆ ಎಂಬುದು ಇಲ್ಲಿನ ಪ್ರಶ್ನೆ.

ಸಾಮಾನ್ಯವಾಗಿ ಮೂರು ಬಗೆ ಹೇಳುತ್ತಾರೆ. ಎದುರಾಳಿ ಹೊಡೆಯಲು ಮನಸ್ಸು ಮಾಡಿದ್ದನ್ನು ಅದು ಮೈಯಲ್ಲಿ ಕಾಣುವ ಮೊದಲೇ ಗ್ರಹಿಸಿ ಗೆಲ್ಲುವುದು ಸೆನ್‌ಸೆನ್ ನೋ ಸೆನ್. ಅವನ ಏಟು ಹೊರಟು ಇನ್ನೂ ತಲುಪದಿರುವಾಗ ನಮ್ಮದು ತಲುಪಿದರೆ ಸೆನ್ ನೋ ಸೆನ್. ಬಂದ ಏಟನ್ನು ತಪ್ಪಿಸಿಯೋ ಜಾರಿಸಿಯೋ ಅದರ ಬೆನ್ನಿಗೇ ಹೊಡೆಯುವುದು ಗೋ ನೋ ಸೆನ್. ಗೆರೆ ಎಲ್ಲಿ ಎಳೆಯಬೇಕೆಂಬುದು ಪಂಥದಿಂದ ಪಂಥಕ್ಕೆ ಬದಲಾಗುತ್ತದೆ.

ಎರಡನೆಯ ಬಗೆ ದೆಬಾನಾ ಕೊತೆಯಲ್ಲಿ, ಅಂದರೆ ಎದುರಾಳಿ ಹೊರಡುತ್ತಿದ್ದಂತೆ ಅವನ ಮುಂಗೈಗೆ ಹೊಡೆಯುವ ಪಟ್ಟಿನಲ್ಲಿ, ಸ್ಪಷ್ಟ. ಒಂದು ಹೆಜ್ಜೆ ಇಟ್ಟರೆ ಏಟು ತಾಗುವಷ್ಟು ಅಂತರದಲ್ಲಿ ನಿಂತು, ಶಿನಾಯ್ ಎಂಬ ಬಿದಿರು ಕತ್ತಿಯ ತುದಿಯನ್ನು ಎದುರಾಳಿಯ ನಡುಗೆರೆಗೆ ಒತ್ತಿ ಹಿಡಿಯಿರಿ. ಈ ಒತ್ತಡಕ್ಕೆ ಸೆಮೆ ಎಂದು ಹೆಸರು. ತಡೆಯಲಾರದೆ ಅವನು ತಲೆಗೆ ಹೊಡೆಯಲು ಕೈ ಎತ್ತುತ್ತಿದ್ದಂತೆ ಬಲಮುಂಗೈ ಬಯಲಾಗುತ್ತದೆ. ಶಿನಾಯನ್ನು ಬೇಕಾದಷ್ಟೇ ಎತ್ತಿ, ಬಲಗಾಲು ಮುಂದಿಟ್ಟು ಅಲ್ಲಿಗೆ ಹೊಡೆಯಬೇಕು. ದೊಡ್ಡದಾಗಿ ಬೀಸಿದರೆ ಅವನ ಏಟೇ ಮೊದಲು ನಿಮ್ಮ ತಲೆಗೆ ಬೀಳುತ್ತದೆ. ಅವಸರಪಟ್ಟರೆ ಅವನಿನ್ನೂ ಹೊರಟಿರುವುದಿಲ್ಲ, ಸಲೀಸಾಗಿ ತಡೆಯುತ್ತಾನೆ. ಕಣ್ಣು ಕಂಡು ಕೈ ಕದಲಲು ಸುಮಾರು 0.2 ಸೆಕೆಂಡ್ ಬೇಕು. ಹಾಗಾಗಿ ಕೈ ಎದ್ದದ್ದನ್ನು ನೋಡಿ ಹೊರಟವರು ಹೆಚ್ಚಾಗಿ ತಡವಾಗುತ್ತಾರೆ. ಸೆಮೆಯಿಂದ ಅವನನ್ನು ಹೊರಡಿಸಿದವರಿಗೆ ಆ ಗಳಿಗೆಯ ಸುಳಿವು ಮೊದಲೇ ಇರುತ್ತದೆ.

ಗೋ ನೋ ಸೆನ್‌ಗೂ ಸೆಮೆ ಬೇಕೇ ಬೇಕು. ಅದಿಲ್ಲದೆ ಸುಮ್ಮನೆ ಕಾಯುವವರು ಎದುರಾಳಿಯ ಲಯಕ್ಕೆ ಸಿಕ್ಕಿಬೀಳುತ್ತಾರೆ. ಇನ್ನೊಂದು ತಪ್ಪು, ಏಟನ್ನು ತಡೆದು ನಿಂತು ಆಮೇಲೆ ಹೊಡೆಯುವುದು. ಸುರಿಯಾಗೆ ಎಂಬ ಪಟ್ಟಿನಲ್ಲಿ ಮೇಲೇರುವ ಶಿನಾಯ್ ತನ್ನ ಪಕ್ಕದಿಂದ ಏಟನ್ನು ಉಜ್ಜಿ ಸರಿಸಿ, ಅದೇ ಓಟದಲ್ಲಿ ಇಳಿದು ಹೊಡೆಯುತ್ತದೆ. ನಡುವೆ ನಿಲುಗಡೆ ಬಂದರೆ ಅವಕಾಶ ಹೋಯಿತು.

1912ರಲ್ಲಿ ರೂಪುಗೊಂಡ ಕೆಂಡೋ ಕಾತಾ, ಅಂದರೆ ಇಬ್ಬರು ಸೇರಿ ಮಾಡುವ ನಿಗದಿತ ವರಸೆಗಳಲ್ಲಿ ಮೊದಲನೆಯದನ್ನು ನೋಡಿ. ಮೊದಲು ಹೊಡೆಯುವವನಾದ ಉಚಿದಾಚಿ ತಲೆಗೆ ಕಡಿಯುತ್ತಾನೆ. ಅದಕ್ಕೆ ಉತ್ತರ ಕೊಡುವವನಾದ ಶಿದಾಚಿ ಹಿಂದೆ ಸರಿದು ತಪ್ಪಿಸಿಕೊಂಡು, ಮುಂದೆ ಬಂದು ತಾನು ಕಡಿಯುತ್ತಾನೆ. ಹೊರಗಿನಿಂದ ಅಪ್ಪಟ ಗೋ ನೋ ಸೆನ್. ಆದರೆ ಸಾಂಪ್ರದಾಯಿಕ ವಿವರಣೆ ಇದನ್ನು ಸೆನ್‌ಸೆನ್ ನೋ ಸೆನ್ ಎನ್ನುತ್ತದೆ: ಉಚಿದಾಚಿಯ ಇರಾದೆ ಶಿದಾಚಿಗೆ ಆಗಲೇ ತಿಳಿದಿದೆ, ಮನಸ್ಸಿನಲ್ಲಿ ಗೆದ್ದಾಗಿದೆ. ಹಾಗೆಂದು ಬೇಗ ಸರಿಯುವಂತಿಲ್ಲ. ಕತ್ತಿ ಇಳಿಯತೊಡಗುವ ಮೊದಲೇ ಸರಿದರೆ ಉಚಿದಾಚಿ ದಿಕ್ಕು ಬದಲಿಸಬಲ್ಲ. ಮೈಯನ್ನಷ್ಟೇ ಸರಿಸಿ ಕೈಗಳನ್ನು ಹಿಂದೆಳೆಯದಿದ್ದರೆ ಕತ್ತಿ ಮುಂಗೈಗೇ ಬೀಳುತ್ತದೆ.