ಎಚ್‌ಡಿಆರ್: ಮರ್ಜ್ ಬೇರೆ, ಟೋನ್ ಮ್ಯಾಪಿಂಗ್ ಬೇರೆ (ದುರ್ಗದ ಕೋಟೆ ಫೋಟೋ ಇಟ್ಕೊಂಡು)

ಎಚ್‌ಡಿಆರ್ (ಹೈ ಡೈನಾಮಿಕ್ ರೇಂಜ್) ಅಂದ್ರೆ ಒಂದೇ ದೃಶ್ಯವನ್ನ ಬೆಳಕು ಹೆಚ್ಚುಕಮ್ಮಿ ಬಿಟ್ಟು ಹಲವು ಸಲ ತೆಗೆದು, ನೆರಳೂ ಆಕಾಶವೂ ಒಂದೇ ಚಿತ್ರದಲ್ಲಿ ಕಾಣಂಗೆ ಸೇರಿಸೋದು. ಫೋಟೋ ತೆಗೆಯೋ ಭಾಗ ಎಲ್ರಿಗೂ ಗೊತ್ತಿರೋದೇ. ಟ್ರೈಪಾಡ್, ರಾ ಫೈಲ್ (ಕ್ಯಾಮೆರಾ ತಿದ್ದದ ಸೆನ್ಸರ್ ಡೇಟಾ), ಐಎಸ್‌ಓ 100, ಎಫ್/8, ಅಪರ್ಚರ್ ಮುಟ್ಟಂಗಿಲ್ಲ, ಶಟರ್ ಮಾತ್ರ 1/500, 1/125, 1/30. ಎರಡೆರಡು ಸ್ಟಾಪ್ ಅಂತರ (ಒಂದು ಸ್ಟಾಪ್ ಅಂದ್ರೆ ಬೆಳಕು ಡಬಲ್). ಮುಂದಕ್ಕೆ ಹೋಗಣ.

ತಲೆ ಕೆಡೋದು ಆಮೇಲೆ. "ಎಚ್‌ಡಿಆರ್ ಮಾಡ್ದೆ" ಅಂತೀವಲ್ಲ, ಒಳಗೆ ನಡೆಯೋದು ಎರಡು ಕೆಲಸ, ಇವೆರಡನ್ನೂ ಒಂದೇ ಅನ್ಕೊಂಡ್ರೆ ಯಾವ ಸಾಫ್ಟ್‌ವೇರ್ ಯಾಕೆ ಹಂಗೆ ಕಾಣ್ತೈತೆ ಅನ್ನೋದು ಯಾವತ್ತೂ ತಿಳಿಯಲ್ಲ.

ಮೊದಲ್ನೇದು ಮರ್ಜ್, ಅಂದ್ರೆ ಮೂರೂ ಫೋಟೋದಿಂದ ಒಂದೇ ಬೆಳಕಿನ ಲೆಕ್ಕ ಮಾಡೋದು. ಸಂಜೆ ಹೊತ್ತು ಕೋಟೆ ಬಂಡೆ ನೆರಳಲ್ಲೈತೆ, ಹಿಂದೆ ಆಕಾಶ ಉರೀತೈತೆ ಅಂತ ಇಟ್ಕೊಳ್ಳಿ. ಪೂರ್ತಿ ಬಿಳಿ ಅಂದ್ರೆ 1. ಬಂಡೆಯ ಒಂದು ಪಿಕ್ಸೆಲ್ 1/30ರಲ್ಲಿ 0.4 ಬಂತು, 1/125ರಲ್ಲಿ 0.1 ಬಂತು. ಎರಡನ್ನೂ ಶಟರ್ ಟೈಮಿಂದ ಭಾಗಿಸಿ: 0.4 × 30 = 12, 0.1 × 125 = 12.5. ಹೆಚ್ಚುಕಮ್ಮಿ ಒಂದೇ! ಅಂದ್ರೆ ಇದು ಫೋಟೋದ ಬೆಳಕಲ್ಲ, ಬಂಡೆ ಮೇಲಿದ್ದ ಬೆಳಕಿನ ಲೆಕ್ಕ. ಆಕಾಶ 1/500ರಲ್ಲಿ 0.6, ಭಾಗಿಸಿದ್ರೆ 300. ಅದೇ ಆಕಾಶ 1/125ರಲ್ಲಿ 2.4 ಆಗ್ಬೇಕಿತ್ತು, ಆದ್ರೆ ಸೆನ್ಸರ್ 1ಕ್ಕೇ ನಿಂತುಬಿಡ್ತೈತೆ, ಭಾಗಿಸಿದ್ರೆ ಬರೋ 125 ಸುಳ್ಳು ಲೆಕ್ಕ, ಅದಕ್ಕೇ ಉರಿದುಹೋದ ಪಿಕ್ಸೆಲ್‌ನ ಬಿಟ್ಟಾಕ್ತಾರೆ. ರಾ ಫೈಲಲ್ಲಿ ಬೆಳಕು ಡಬಲ್ ಆದ್ರೆ ಅಂಕಿನೂ ಡಬಲ್, ಹಂಗಾಗಿ ಇಷ್ಟು ಸಲೀಸು. ಜೆಪೆಗ್‌ನಲ್ಲಿ ಹಂಗಿರಲ್ಲ, ಮೊದ್ಲು ಕ್ಯಾಮೆರಾದ ರೆಸ್ಪಾನ್ಸ್ ಕರ್ವ್ (ಎಷ್ಟು ಬೆಳಕಿಗೆ ಎಷ್ಟು ಅಂಕಿ ಕೊಡ್ತೈತೆ ಅನ್ನೋದು) ಕಂಡುಹಿಡೀಬೇಕು, 1997ರಲ್ಲಿ ಡೆಬೆವೆಕ್ ಮತ್ತು ಮಲಿಕ್ ತೋರಿಸಿದ್ದು ಆ ದಾರೀನೇ.

ಈಗ ಕೈಲಿರೋದು 12 ಮತ್ತು 300, ಅಂದ್ರೆ 25 ಪಟ್ಟು ವ್ಯತ್ಯಾಸ. ಇಷ್ಟರಲ್ಲಿ ಯಾವ "ಲುಕ್"ಉ ಇಲ್ಲ, ಹಂಗೇ ಮಾನಿಟರ್‌ಗೆ ಹಾಕಿದ್ರೆ ಒಂದೋ ಬಂಡೆ ಕಪ್ಪು, ಇಲ್ಲ ಆಕಾಶ ಬಿಳಿ.

ಇದನ್ನ ಕುಗ್ಗಿಸೋದು ಟೋನ್ ಮ್ಯಾಪಿಂಗ್. ರೈನ್‌ಹಾರ್ಡ್ ಮತ್ತು ಜೊತೆಗಾರರು 2002ರಲ್ಲಿ ಕೊಟ್ಟಿದ್ದರ ಸರಳ ರೂಪ L/(1+L), L ಅಂದ್ರೆ ಬೆಳಕಿನ ಅಂಕಿ. ನಮ್ಮ ಅಂಕಿಗಳನ್ನ 60ರಿಂದ ಭಾಗಿಸಿ ಇಳಿಸ್ಕೊಂಡ್ರೆ 0.2 ಮತ್ತು 5. ಸೂತ್ರಕ್ಕೆ ಹಾಕಿ: 1/6 ಮತ್ತು 5/6. 25 ಪಟ್ಟು ಇದ್ದದ್ದು 5 ಪಟ್ಟಾಯ್ತು, ಯಾವುದು ಹೆಚ್ಚು ಬೆಳಕು ಅನ್ನೋ ಕ್ರಮ ಮಾತ್ರ ಕೆಡಲಿಲ್ಲ. ಇದು ಗ್ಲೋಬಲ್, ಇಡೀ ಚಿತ್ರಕ್ಕೆ ಒಂದೇ ಕರ್ವ್, ಸ್ವಲ್ಪ ಸಪ್ಪೆ. ಲೋಕಲ್ ವಿಧಾನದಲ್ಲಿ ಪಿಕ್ಸೆಲ್ ಸುತ್ತಮುತ್ತ ಏನೈತೆ ಅಂತ ನೋಡಿ ಕರ್ವ್ ಬದಲಾಗ್ತೈತೆ, ಬಂಡೆಯ ಬಿರುಕೆಲ್ಲ ಎದ್ದು ಕಾಣ್ತೈತೆ, ಸ್ಟ್ರೆಂತ್ ಜಾಸ್ತಿ ಎಳೆದ್ರೆ ಬತೇರಿ ಅಂಚಿನ ಸುತ್ತ ಬೆಳ್ಳಗೆ ಹೇಲೋ (ಪ್ರಭೆ ಥರದ ಪಟ್ಟಿ). ಲೈಟ್‌ರೂಮಲ್ಲಿ ಮರ್ಜ್ ಮಾಡಿದ್ರೆ ಡಿಎನ್‌ಜಿ (ರಾ ಥರದ ಫೈಲ್) ಬರ್ತೈತಲ್ಲ, ಅಲ್ಲಿ ಹೈಲೈಟ್ಸ್, ಶ್ಯಾಡೋಸ್ ಎಳೆಯೋದೇ ಟೋನ್ ಮ್ಯಾಪಿಂಗ್.

ಎಕ್ಸ್‌ಪೋಶರ್ ಫ್ಯೂಶನ್ (ಮರ್ಟೆನ್ಸ್ ಮತ್ತು ಜೊತೆಗಾರರು, 2007) ಈ ಎರಡೂ ಕೆಲಸ ಮಾಡಲ್ಲ. ಶಟರ್ ಟೈಮೇ ಬೇಡ. ಕಾಂಟ್ರಾಸ್ಟ್, ಸ್ಯಾಚುರೇಶನ್, ಎಕ್ಸ್‌ಪೋಶರ್ ಸರಿ ಐತಾ, ಈ ಮೂರು ನೋಡಿ ಪ್ರತಿ ಪಿಕ್ಸೆಲ್‌ಗೆ ತೂಕ ಕೊಟ್ಟು ಬೆರೆಸೋದು. ನೇರ ಬೆರೆಸಿದ್ರೆ ಜೋಡಣೆ ಗೆರೆ ಕಾಣ್ತವೆ, ಅದಕ್ಕೆ ಪಿರಮಿಡ್ ಮಟ್ಟಗಳಲ್ಲಿ (ದೊಡ್ಡ ಆಕಾರ, ಸಣ್ಣ ವಿವರ ಬೇರೆಬೇರೆ ಮಾಡಿ) ಬೆರೆಸ್ತಾರೆ. ಎನ್‌ಫ್ಯೂಸ್ ಅನ್ನೋ ಸಾಫ್ಟ್‌ವೇರ್ ಮಾಡೋದು ಇದನ್ನೇ, ಫ್ರೀ ಬೇರೆ. ನನ್ ಪ್ರಕಾರ ಲ್ಯಾಂಡ್‌ಸ್ಕೇಪ್‌ಗೆ ಇದೇ ನೈಜ, ಬಣ್ಣ ಕೆಡಲ್ಲ.

ನಮ್ಮೂರ ಗುಡ್ಡದ ಮೇಲಿನ ವಿಂಡ್‌ಮಿಲ್ ಫ್ಯಾನು ಫ್ರೇಮಲ್ಲಿದ್ರೆ ಮಾತ್ರ ಮೂರು ಫೋಟೋದಲ್ಲಿ ಮೂರು ಕಡೆ ರೆಕ್ಕೆ, ಗೋಸ್ಟಿಂಗ್ ಗ್ಯಾರಂಟಿ. ಅದನ್ನ ಸರಿಮಾಡೋ ಡಿಗೋಸ್ಟ್ ಆನ್ ಮಾಡಿದ್ರೂ ಆ ಜಾಗಕ್ಕೆ ಅದು ತಗೊಳ್ಳೋದು ಒಂದೇ ಫೋಟೋನ. ಅದರ ಬದ್ಲು ಆಕಾಶ ಉರಿಯದಂಗೆ ಒಂದೇ ರಾ ತೆಗೆದು ಶ್ಯಾಡೋ ಎತ್ತಿಬಿಡಿ, ಬೇಸ್ ಐಎಸ್‌ಓದಲ್ಲಿ ಈಗಿನ ಸೆನ್ಸರ್‌ಗಳು ಮೂರು ಸ್ಟಾಪ್‌ವರೆಗೂ ತಡ್ಕೊತವೆ, ನೆರಳಲ್ಲಿ ಚೂರು ನಾಯ್ಸ್ ಬರ್ತೈತೆ, ಬರ್ಲಿ.