ಸಣ್ಣ ಟ್ರ್ಯಾಕ್ಟರಿನ ಹಿಂಬದಿ ಲಿಫ್ಟ್: ಎತ್ತರ ಹೊಂದಿಸುವ ಕ್ರಮ

ತೋಟದ ಸಣ್ಣ ಟ್ರ್ಯಾಕ್ಟರುಗಳ ಹಿಂದೆ ಕಾಣುವ, ಉಪಕರಣವನ್ನು ಮೂರು ಕಡೆ ಜೋಡಿಸಿ ಎತ್ತಿಳಿಸುವ ತ್ರೀ ಪಾಯಿಂಟ್ ಲಿಂಕೇಜ್, ಎಂಜಿನಿಯರ್ ಹ್ಯಾರಿ ಫರ್ಗ್ಯುಸನ್ 1920ರ ದಶಕದಲ್ಲಿ ರೂಪಿಸಿದ ಏರ್ಪಾಡಿನ ಚಿಕ್ಕ ರೂಪವೇ ಆಗಿದೆ. ಇದರಲ್ಲಿ ಹೈಡ್ರಾಲಿಕ್ ಸಿಲಿಂಡರ್ ಒಂದು ಅಡ್ಡ ಶಾಫ್ಟನ್ನು ತಿರುಗಿಸುತ್ತದೆ. ಶಾಫ್ಟಿನ ಎರಡೂ ತುದಿಗಳಲ್ಲಿರುವ ಲಿಫ್ಟ್ ಆರ್ಮ್‌ಗಳು ಮೇಲೆದ್ದಾಗ, ಅವುಗಳಿಗೆ ಜೋಡಿಸಿದ ಲಿಫ್ಟ್ ರಾಡ್‌ಗಳು ಕೆಳಗೆ ಉಪಕರಣವನ್ನು ಹಿಡಿದಿರುವ ಲೋವರ್ ಲಿಂಕ್‌ಗಳನ್ನು ಎಳೆದು ಎತ್ತುತ್ತವೆ.

ಕಲಿಯುವವರು ಮೊದಲು ಮನದಟ್ಟು ಮಾಡಿಕೊಳ್ಳಬೇಕಾದ ವಿಷಯವೆಂದರೆ, ಲಿಫ್ಟ್ ರಾಡನ್ನು ಗಿಡ್ಡ ಮಾಡಿದ ಮಾತ್ರಕ್ಕೆ ಟ್ರ್ಯಾಕ್ಟರಿನ ಎತ್ತುವ ವ್ಯಾಪ್ತಿ ಹೆಚ್ಚುವುದಿಲ್ಲ. ಸಿಲಿಂಡರಿನ ಚಲನೆ ನಿಗದಿತವಾಗಿರುವುದರಿಂದ ಇಡೀ ವ್ಯಾಪ್ತಿಯೇ ಮೇಲಕ್ಕೆ ಸರಿಯುತ್ತದೆ. ಮೇಲೆ ಎಷ್ಟು ಎತ್ತರ ಸಿಕ್ಕಿತೋ, ಹೆಚ್ಚುಕಡಿಮೆ ಅಷ್ಟೇ ಆಳ ಕೆಳಗೆ ಕೈತಪ್ಪುತ್ತದೆ. ಬದು ದಾಟುವಾಗ ನೆಲಕ್ಕೆ ತಾಗುತ್ತಿದ್ದ ನೇಗಿಲು ಈಗ ತಾಗದಿದ್ದರೂ, ಸಾಲಿನಲ್ಲಿ ಬೇಕಾದಷ್ಟು ಆಳಕ್ಕೆ ಇಳಿಯದೆ ಹೋಗಬಹುದು.

ವ್ಯಾಪ್ತಿಯನ್ನೇ ಬದಲಿಸಬೇಕಾದರೆ ಲಿಫ್ಟ್ ರಾಡನ್ನು ಲೋವರ್ ಲಿಂಕಿನ ಬೇರೆ ರಂಧ್ರಕ್ಕೆ ಜೋಡಿಸಬೇಕು. ಲೆಕ್ಕದ ಅನುಕೂಲಕ್ಕಾಗಿ ಲೋವರ್ ಲಿಂಕ್ 700 ಮಿ.ಮೀ. ಉದ್ದವಿದೆ, ರಾಡ್ 250 ಮಿ.ಮೀ. ಮೇಲೇಳುತ್ತದೆ ಎಂದಿಟ್ಟುಕೊಳ್ಳೋಣ. ಟ್ರ್ಯಾಕ್ಟರಿನ ಕಡೆಯ ಪಿನ್ನಿನಿಂದ 350 ಮಿ.ಮೀ. ದೂರದ ರಂಧ್ರದಲ್ಲಿ ರಾಡ್ ಇದ್ದರೆ ಲಿಂಕಿನ ತುದಿ ಸುಮಾರು 500 ಮಿ.ಮೀ. ಏರುತ್ತದೆ, 420 ಮಿ.ಮೀ. ದೂರದ ರಂಧ್ರದಲ್ಲಿ ಸುಮಾರು 417 ಮಿ.ಮೀ. ಮಾತ್ರ. ಆದರೆ ತುದಿಯಲ್ಲಿ 300 ಕೆ.ಜಿ. ಭಾರವಿದ್ದರೆ ಎರಡೂ ರಾಡ್‌ಗಳ ಮೇಲೆ ಒಟ್ಟಾಗಿ ಬೀಳುವ ಹೊರೆ ಮೊದಲನೆಯದರಲ್ಲಿ 600 ಕೆ.ಜಿ.ಯಷ್ಟು, ಎರಡನೆಯದರಲ್ಲಿ 500 ಕೆ.ಜಿ.ಯಷ್ಟು. ಎತ್ತರ ಬಯಸಿದವರು ಭಾರವನ್ನು ಬಿಟ್ಟುಕೊಡಲೇಬೇಕು. ಹಗುರವಾದ ಕಲ್ಟಿವೇಟರಿಗೆ ಮುಂದಿನ (350 ಮಿ.ಮೀ.) ರಂಧ್ರವೂ ಭಾರದ ಉಪಕರಣಕ್ಕೆ ಹಿಂದಿನ (420 ಮಿ.ಮೀ.) ರಂಧ್ರವೂ ಸೂಕ್ತವೆಂದು ನಾನು ಭಾವಿಸುತ್ತೇನೆ.

ಕೆಲಸಕ್ಕೆ ಕೈಹಾಕುವ ಮುನ್ನ ಸಮತಟ್ಟಾದ ನೆಲದಲ್ಲಿ ಉಪಕರಣವನ್ನು ಪೂರ್ತಿ ಇಳಿಸಿ, ಎಂಜಿನ್ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಬೇಕು. ಹೈಡ್ರಾಲಿಕ್ ಒಂದನ್ನೇ ನಂಬಿ ಎತ್ತಿದ ಉಪಕರಣದ ಕೆಳಗೆ ಕೈ ಚಾಚುವುದು ಪ್ರಾಣಾಪಾಯ. ಹಿಂದಿನ ಎರಡೂ ಚಕ್ರಗಳ ಗಾಳಿ ಸಮವಾಗಿದೆಯೇ ಎಂದು ನೋಡಿದ ಮೇಲೆ, ಎರಡೂ ಲಿಂಕ್ ತುದಿಗಳಿಂದ ನೆಲಕ್ಕಿರುವ ಅಂತರವನ್ನು ಟೇಪಿನಿಂದ ಅಳೆದುಕೊಳ್ಳಬೇಕು. ಅನೇಕ ಟ್ರ್ಯಾಕ್ಟರುಗಳಲ್ಲಿ ಬಲಗಡೆಯ ರಾಡಿಗೆ ಮಾತ್ರ ತಿರುಗಿಸುವ ವ್ಯವಸ್ಥೆ ಇರುತ್ತದೆ. ಅದು ಉಪಕರಣವನ್ನು ಅಡ್ಡಲಾಗಿ ಮಟ್ಟ ಮಾಡಲು ಇರುವುದೇ ಹೊರತು ಎತ್ತರ ಹೆಚ್ಚಿಸಲು ಅಲ್ಲ. ಮೇಲಿನ ಉದಾಹರಣೆಯ 350 ಮಿ.ಮೀ. ರಂಧ್ರದಲ್ಲಿ ಒಂದೇ ರಾಡನ್ನು 20 ಮಿ.ಮೀ. ಗಿಡ್ಡ ಮಾಡಿದರೂ ಆ ಬದಿಯ ತುದಿ 40 ಮಿ.ಮೀ. ಏರಿ ಉಪಕರಣ ವಾಲುತ್ತದೆ. ಹೊಂದಿಸಿದ ಮೇಲೆ ಲಾಕ್‌ನಟ್ ಬಿಗಿ ಮಾಡುವುದನ್ನು ಮರೆಯಬಾರದು.

ಲಿವರನ್ನು ಪೂರ್ತಿ ಮೇಲಕ್ಕೆಳೆದಾಗ ಪಂಪಿನಿಂದ ಎಡೆಬಿಡದೆ ಕೀರಲು ಸದ್ದು ಬರುತ್ತಿದ್ದರೆ, ಅತಿಯಾದ ಒತ್ತಡವನ್ನು ಹೊರಬಿಡುವ ರಿಲೀಫ್ ವಾಲ್ವ್ ತೆರೆದೇ ಇದ್ದು ಎಣ್ಣೆ ಬಿಸಿಯಾಗುತ್ತಿರುವ ಸಾಧ್ಯತೆಯಿದೆ. ಲಿವರಿನಿಂದ ಕಂಟ್ರೋಲ್ ವಾಲ್ವಿಗೆ ಹೋಗುವ ಕೊಂಡಿಗಳನ್ನು ಕಂಪನಿಯ ಕೈಪಿಡಿಯಂತೆ ಸರಿಪಡಿಸಬೇಕಾಗುತ್ತದೆ. ಲಿಫ್ಟ್ ರಾಡ್ ತಿರುಗಿಸಿ ಪ್ರಯೋಜನವಿಲ್ಲ.

ತಿರುಗುವ ಹಲ್ಲುಗಳಿಂದ ಮಣ್ಣು ಪುಡಿ ಮಾಡುವ ರೋಟವೇಟರ್ ಕಟ್ಟಿದಾಗ ಗರಿಷ್ಠ ಎತ್ತರಕ್ಕಿಂತ ಮಿತಿಯೇ ಮುಖ್ಯವಾಗುತ್ತದೆ. ಅತಿಯಾಗಿ ಎತ್ತಿದರೆ, ಎಂಜಿನ್ನಿನ ಶಕ್ತಿಯನ್ನು ಉಪಕರಣಕ್ಕೆ ಒಯ್ಯುವ ಪಿಟಿಒ ಶಾಫ್ಟಿನ ಕೋನ ಹೆಚ್ಚಿ ಅದರ ಕ್ರಾಸ್ ಜಾಯಿಂಟುಗಳು ಸವೆಯುತ್ತವೆ. ಲಿವರಿನ ಪಟ್ಟಿಯಲ್ಲಿರುವ ಸ್ಟಾಪರನ್ನು, ತಿರುವಿನಲ್ಲಿ ಹಲ್ಲುಗಳು ನೆಲ ಬಿಡುವಷ್ಟು ಎತ್ತರಕ್ಕೇ ಕಟ್ಟಿಡಬೇಕು. ಅದಕ್ಕಿಂತ ಮೇಲೆತ್ತುವ ಸಂದರ್ಭ ಬಂದರೆ ಮೊದಲು ಪಿಟಿಒ ನಿಲ್ಲಿಸಬೇಕು.